ಮೊದಲ ಬೋಲ್ಟ್ ಬಿಚ್ಚುವ ಮುಂಚೆ

ಸವದತ್ತಿಯ ಎಲ್ಲಮ್ಮನ ಗುಡ್ಡ ಏರುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು, ಬಾನೆಟ್ಟಿನಿಂದ ಹೊಗೆ ಬಂತು, ಗಾಡಿ ನಿಂತಿತು. ಧಾರವಾಡಕ್ಕೋ ಬೆಳಗಾವಿಗೋ ಒಯ್ದರೆ ಲಕ್ಷದ ಮಾತು. ಸಿಟ್ಟು ಬರುವುದು ಸಹಜ. ಆದರೆ ನಾನು ಕಂಡಂತೆ, ಈ ಖರ್ಚು ಯಾರದೆಂದು ಡೀಲರ್, ಕಂಪನಿಯವರ ಜೊತೆ ಆಡುವ ಜಗಳದ ಸೋಲು-ಗೆಲುವು ಇಂಜಿನ್ನಿನ ಮೊದಲ ಬೋಲ್ಟ್ ಬಿಚ್ಚುವುದರೊಳಗೇ ತೀರ್ಮಾನವಾಗಿರುತ್ತದೆ.

ಹಂತ 1: ಮತ್ತೆ ಸೆಲ್ಫ್ ಹೊಡೆಯಬೇಡಿ

ಆಯಿಲ್ ದೀಪ ಹತ್ತಿದರೆ, ಮುಳ್ಳು ಏರಿದರೆ ಅಲ್ಲೇ ಬದಿಗೆ ನಿಲ್ಲಿಸಿ. "ಇನ್ನೆರಡು ಕಿಲೋಮೀಟರ್ ನಡೀತೈತಿ ಬಿಡ್ರಿ" ಎನ್ನುವವರ ಮಾತು ಕೇಳಬೇಡಿ. ಆಯಿಲ್ ಒತ್ತಡವಿಲ್ಲದೆ ಓಡಿದರೆ ಬೇರಿಂಗ್ ಸುಡಲು ಕೆಲವೇ ನಿಮಿಷ ಸಾಕು.

ನೀರು ಹೊಕ್ಕ ಗಾಡಿಯನ್ನಂತೂ ಚಾಲೂ ಮಾಡಲೇಬೇಡಿ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರು ರಾಮದುರ್ಗಕ್ಕೆ ನುಗ್ಗಿದ್ದು ಈ ಕಡೆಯವರಿಗೆ ಮರೆತಿಲ್ಲ. ಪಿಸ್ಟನ್ ಗಾಳಿಯನ್ನು ಅದುಮಬಲ್ಲದು, ನೀರನ್ನು ಅದುಮಲಾರದು. ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಗ ವಿಮೆಯವರು "ಇದು ನೆರೆಯಿಂದ ಆದದ್ದಲ್ಲ, ನೀವು ಚಾಲೂ ಮಾಡಿದ್ದರಿಂದ ಆದದ್ದು" ಎನ್ನುತ್ತಾರೆ. ಪಾಲಿಸಿಯಲ್ಲಿ ಇಂಜಿನ್ ಪ್ರೊಟೆಕ್ಷನ್ ಎಂಬ ಹೆಚ್ಚುವರಿ ಕವರ್ ಇದೆಯೇ ಎಂದು ಇವತ್ತೇ ನೋಡಿಕೊಳ್ಳಿ.

ಮೀಟರ್, ಹತ್ತಿದ ದೀಪ, ನೆಲಕ್ಕೆ ಸೋರಿದ್ದು, ಎಲ್ಲದರ ಫೋಟೊ ತೆಗೆಯಿರಿ.

ಹಂತ 2: ಎಳೆಸಿಕೊಂಡು ಹೋಗಿ

ಸವದತ್ತಿ, ಬೈಲಹೊಂಗಲದ ಮೇಸ್ತ್ರಿಗಳ ಕೈಮೇಲೆ ನನಗೆ ಶೋರೂಮಿನವರಿಗಿಂತ ಹೆಚ್ಚು ನಂಬಿಕೆ. ಆದರೂ ವಾರಂಟಿ ಇದ್ದರೆ ಅವರ ಕೈಗೆ ಕೊಡಬೇಡಿ, ಡೀಲರ್‌ನ ಸರ್ವಿಸ್ ಸೆಂಟರಿಗೇ ಎಳೆಸಿ. ಹೊರಗಿನವರು ಸ್ಪ್ಯಾನರ್ ಹಚ್ಚಿದ್ದೇ ಕಂಪನಿಗೆ ನೆಪವಾಗುತ್ತದೆ. ಟೋಯಿಂಗ್ ರಸೀದಿ ಇಟ್ಟುಕೊಳ್ಳಿ.

ಹಂತ 3: ಜಾಬ್ ಕಾರ್ಡ್

ಗಾಡಿ ಒಪ್ಪಿಸುವಾಗ ದೂರು ಬರೆದುಕೊಳ್ಳುವ ಈ ಕಾಗದವೇ ಎಲ್ಲಕ್ಕಿಂತ ದೊಡ್ಡದು. ಸರ್ವಿಸ್ ಅಡ್ವೈಸರ್ "ಇಂಜಿನ್ ಸೀಜ್" ಎಂದು ಬರೆಯಹೊರಟರೆ ತಡೆಯಿರಿ. ಅದು ಅವರ ತೀರ್ಪು. ನೀವು ಕಂಡದ್ದನ್ನಷ್ಟೇ ಬರೆಸಿ: ಎಷ್ಟು ಕಿಲೋಮೀಟರ್ ಓಡಿದೆ, ಯಾವ ದೀಪ ಹತ್ತಿತು, ಎಂಥ ಸದ್ದು ಬಂತು. ಅವರ ಎದುರಿಗೇ ಡಿಪ್‌ಸ್ಟಿಕ್ ಎಳೆಸಿ ಆಯಿಲ್ ಮಟ್ಟದ ಫೋಟೊ ತೆಗೆಯಿರಿ. ನಾಳೆ "ಆಯಿಲ್ಲೇ ಇರ್ಲಿಲ್ರಿ" ಎಂಬ ಮಾತು ಬಂದರೆ ಅದೇ ಉತ್ತರ.

ಆಮೇಲೆ ಕಾರ್ಡಿನ ಮೇಲೆ ಎರಡು ಸಾಲು ಸೇರಿಸಿ: ಇಂಜಿನ್ ಬಿಚ್ಚುವಾಗ ನನ್ನನ್ನು ಕರೆಯಬೇಕು, ತೆಗೆದ ಭಾಗಗಳನ್ನು ನನ್ನನ್ನು ಕೇಳದೆ ಬಿಸಾಡಬಾರದು. ಬಿಚ್ಚಿ ನೋಡುವ ಖರ್ಚು ಬೇರೆ, ರಿಪೇರಿಯ ಎಸ್ಟಿಮೇಟ್ ಬೇರೆ ಇರಲಿ. ಖಾಲಿ ಕಾರ್ಡಿಗೆ ಸಹಿ ಬೇಡ. ನಮ್ಮ ಬೀಗರೊಬ್ಬರು ಒಂದು ಡೀಲರ್ ಹತ್ತಿರ ಅವಸರದಲ್ಲಿ ಸಹಿ ಮಾಡಿ ಬಂದರು. ವಾರದ ಮೇಲೆ ಹೋದರೆ ಮುರಿದ ಭಾಗ ಗುಜರಿಗೆ ಹೋಗಿತ್ತು, ತಪ್ಪು ಯಾರದೆಂದು ತೋರಿಸಲು ಏನೂ ಉಳಿದಿರಲಿಲ್ಲ.

ಹಂತ 4: ಕಾರಣ ಕಾಗದದ ಮೇಲೆ ಬರಲಿ

"ಕ್ಲೇಮ್ ರಿಜೆಕ್ಟ್ ಆಗೇತ್ರಿ" ಎಂಬ ಫೋನು ಸಾಲದು. ಯಾವ ಭಾಗ ಮೊದಲು ಹೋಯಿತು, ಯಾಕೆ ಹೋಯಿತು, ವಾರಂಟಿಯ ಯಾವ ಷರತ್ತಿನ ಪ್ರಕಾರ ನಿರಾಕರಿಸಿದರು ಎಂದು ಇಮೇಲಿನಲ್ಲಿ ಕೇಳಿ. ಒಂದು ಸರ್ವಿಸ್ ತಪ್ಪಿದ್ದರೆ ಸುಳ್ಳು ಹೇಳಬೇಡಿ. ಆ ತಪ್ಪಿನಿಂದಲೇ ಈ ಭಾಗ ಮುರಿಯಿತೇ ಎಂದು ಕೇಳಿ.

ಹಂತ 5: ಕಂಪನಿಗೆ ಬೇರೆಯೇ ಬರೆಯಿರಿ

ಡೀಲರ್ ಮತ್ತು ಕಂಪನಿ ಒಂದೇ ಅಲ್ಲ. ಟಾಟಾ ಮೋಟರ್ಸ್‌ನ ಗೋವಾ ಪ್ರಕರಣವೊಂದರಲ್ಲಿ, ಕಂಪನಿಗೆ ಗೊತ್ತಿಲ್ಲದೆ ಡೀಲರ್ ಮಾಡಿದ ತಪ್ಪಿಗೆ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಆದ್ದರಿಂದ ಪತ್ರ ಇಬ್ಬರಿಗೂ ಹೋಗಲಿ. ಹೊಸ ಗಾಡಿಯನ್ನೇ ಕೊಡಿ ಎಂದು ಪಟ್ಟು ಹಿಡಿಯುವುದೂ ಸುಲಭವಲ್ಲ: 2006ರ ಮಾರುತಿ ಉದ್ಯೋಗ್ ಪ್ರಕರಣದಲ್ಲಿ, ವಾರಂಟಿಯಂತೆ ಬದಲಿಸಬೇಕಾದ್ದು ಕೆಟ್ಟ ಭಾಗವನ್ನು, ಇಡೀ ಗಾಡಿಯನ್ನಲ್ಲ ಎಂದಿತು ಅದೇ ಕೋರ್ಟ್. ವಾರಂಟಿ ಈಚೆಗಷ್ಟೇ ಮುಗಿದಿದ್ದರೆ "ಗುಡ್‌ವಿಲ್" ಕೇಳಿ. ಸರ್ವಿಸ್ ಎಲ್ಲ ಅವರಲ್ಲೇ ಆಗಿದ್ದರೆ ಭಾಗಗಳ ಖರ್ಚಿನಲ್ಲಿ ಕಂಪನಿ ಪಾಲು ಹೊತ್ತುಕೊಳ್ಳುವುದುಂಟು. ಕೇಳದವರಿಗೆ ಯಾರೂ ತಾವಾಗಿ ಕೊಡುವುದಿಲ್ಲ.

ಹಂತ 6: ಗ್ರಾಹಕರ ಆಯೋಗ

ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಅವರು ಜಗ್ಗದಿದ್ದರೆ 15 ದಿನ ಗಡುವಿನ ನೋಟಿಸನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಆಮೇಲೆ ಜಿಲ್ಲಾ ಆಯೋಗ. ಗಾಡಿ ಹುಬ್ಬಳ್ಳಿಯಲ್ಲಿ ಕೊಂಡಿದ್ದರೂ ಸವದತ್ತಿಯವರು ಬೆಳಗಾವಿಯಲ್ಲೇ ದೂರು ಕೊಡಬಹುದು. 2019ರ ಕಾಯ್ದೆ ದೂರುದಾರ ವಾಸಿಸುವ ಊರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಗಾಡಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ. ದೂರು ಕೊಡಲು ಎರಡು ವರ್ಷ ಅವಧಿ. ಕೆಟ್ಟ ಭಾಗವನ್ನು ಲ್ಯಾಬಿಗೆ ಕಳಿಸುವ ಅಧಿಕಾರವೂ ಆಯೋಗಕ್ಕಿದೆ. ಬೀಗರ ಗುಜರಿ ಕಥೆ ಹೇಳಿದ್ದು ಅದಕ್ಕೇ. ಹುಣ್ಣಿಮೆಗೆ ಗುಡ್ಡಕ್ಕೆ ಜನರನ್ನು ಹೊತ್ತು, ಗಾಡಿ ತಾನೇ ಓಡಿಸಿ ಹೊಟ್ಟೆ ಹೊರೆಯುವ ಕ್ರೂಸರ್ ಮಾಲೀಕನೂ ಗ್ರಾಹಕನೇ. ಸ್ವಂತ ದುಡಿಮೆಗೆ ಕೊಂಡ ಗಾಡಿ "ವಾಣಿಜ್ಯ ಉದ್ದೇಶ"ದ ಲೆಕ್ಕಕ್ಕೆ ಬರುವುದಿಲ್ಲ.

ಹಂತ 7: ಗಾಡಿ ಬಿಡಿಸಿಕೊಳ್ಳುವಾಗ

ಗಾಡಿ ತುರ್ತಾಗಿ ಬೇಕಿದ್ದರೆ ಹಣ ಕಟ್ಟಿ, ಆದರೆ ಬಿಲ್ಲಿನ ಮೇಲೆ "ನನ್ನ ಆಕ್ಷೇಪಣೆ ಉಳಿಸಿಕೊಂಡು ಕಟ್ಟಿದ್ದೇನೆ" ಎಂದು ಬರೆದು ಫೋಟೊ ತೆಗೆದುಕೊಳ್ಳಿ. ಇಂಜಿನ್ ಬ್ಲಾಕನ್ನೇ ಬದಲಿಸಿದ್ದರೆ ನಂಬರ್ ಬೇರೆಯಾಗಿರುತ್ತದೆ. ಬಿಲ್ಲಿನಲ್ಲಿ ಹೊಸ ನಂಬರ್ ಬರೆಸಿಕೊಂಡು, ಕೆಎ-24 ಗಾಡಿಯಾದರೆ ಬೈಲಹೊಂಗಲದ ಆರ್‌ಟಿಓ ಕಚೇರಿಯಲ್ಲಿ ಆರ್‌ಸಿ ತಿದ್ದಿಸಿ, ವಿಮೆಯವರಿಗೂ ತಿಳಿಸಿ.