ಮದುವೆ ಹಂದರದಲ್ಲಿ ಸಂಗಮದೂರ: 35, 50, 85ರ ಆಯ್ಕೆಯ ಮೂಲಕ ಒಂದು ಪಾಠ

ಹತ್ತನೇ ತರಗತಿಯ ಬೆಳಕಿನ ಘಟಕದಲ್ಲಿ ಮಕ್ಕಳು ಪೀನ ಮಸೂರದ ಸಂಗಮದೂರವನ್ನು ಸೂತ್ರದೊಳಗಿನ ಒಂದು ಸಂಖ್ಯೆಯಾಗಿ ಕಲಿಯುತ್ತಾರೆ. ಲೆಕ್ಕ ಬಿಡಿಸುತ್ತಾರೆ, ಕಿರಣ ಚಿತ್ರ ಬರೆಯುತ್ತಾರೆ. ಆದರೆ ‘ಸಂಗಮದೂರ ಹೆಚ್ಚಿದರೆ ಪ್ರತಿಬಿಂಬಕ್ಕೆ ಏನಾಗುತ್ತದೆ?’ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಕೋಟುಮಚಗಿಯ ಪ್ರೌಢಶಾಲೆಯಲ್ಲಿ ನನ್ನ ಬೋಧನಾಭ್ಯಾಸದ ಪಾಠಕ್ಕೆ ಒಬ್ಬ ವಿದ್ಯಾರ್ಥಿಯ ಪ್ರಶ್ನೆಯೇ ಸಂದರ್ಭ ಒದಗಿಸಿತು. ಅವನ ಅಣ್ಣ ಸುತ್ತಲಿನ ಹಳ್ಳಿಗಳಲ್ಲಿ ಮದುವೆಯ ಫೋಟೋ ತೆಗೆಯುತ್ತಾನೆ. ಈ ಹಂಗಾಮಿಗೆ ಅವನು ಕೊಳ್ಳಬಲ್ಲದ್ದು ಒಂದೇ ಪ್ರೈಮ್ ಲೆನ್ಸ್. ‘35, 50, 85, ಮೂರರಾಗ ಯಾವ್ದು ಛಲೋರಿ ಸರ?’

ಪ್ರೈಮ್ ಲೆನ್ಸ್ ಎಂದರೆ ಸಂಗಮದೂರ ಬದಲಾಗದ ಲೆನ್ಸ್. ಜೂಮ್ ಲೆನ್ಸಿನಲ್ಲಿ ಉಂಗುರ ತಿರುಗಿಸಿ ಸಂಗಮದೂರ ಬದಲಿಸಬಹುದು. ಇಲ್ಲಿ ಫೋಟೋಗ್ರಾಫರನೇ ಹಿಂದೆ ಮುಂದೆ ನಡೆಯಬೇಕು. ಆದ್ದರಿಂದ ‘ಯಾವುದು ಒಳ್ಳೆಯದು?’ ಎಂಬ ಪ್ರಶ್ನೆಯನ್ನು ‘ನಿಲ್ಲಲು ಎಷ್ಟು ಜಾಗವಿದೆ?’ ಎಂದು ಮಕ್ಕಳೇ ಬದಲಿಸಿಕೊಳ್ಳುವಂತೆ ಮಾಡುವುದು ಪಾಠದ ಉದ್ದೇಶವಾಗಿತ್ತು.

ಚಟುವಟಿಕೆ 1: ಕಿಟಕಿ ಮತ್ತು ಚೌಕಟ್ಟು

ಸಾಮಗ್ರಿ: 10 ಸೆಂ.ಮೀ. ಮತ್ತು 20 ಸೆಂ.ಮೀ. ಸಂಗಮದೂರದ ಎರಡು ಪೀನ ಮಸೂರ, ಬಿಳಿ ಹಾಳೆ, ಅಳತೆಪಟ್ಟಿ. ಹಾಳೆಯ ಮೇಲೆ 24 ಮಿ.ಮೀ. ಅಗಲ, 16 ಮಿ.ಮೀ. ಎತ್ತರದ ಚೌಕಟ್ಟು ಬರೆಸಿದೆ. ಆ ಅಣ್ಣನ ಕ್ಯಾಮೆರಾದ ಸೆನ್ಸರ್ ಹೆಚ್ಚುಕಡಿಮೆ ಅಷ್ಟೇ ದೊಡ್ಡದು.

ಕಿಟಕಿಯ ಅಗಲ 1 ಮೀಟರ್, ಎತ್ತರ 75 ಸೆಂ.ಮೀ. ಅದರಿಂದ 5 ಮೀಟರ್ ದೂರದಲ್ಲಿ 10 ಸೆಂ.ಮೀ. ಮಸೂರ ಹಿಡಿದಾಗ ಸುಮಾರು 2 ಸೆಂ.ಮೀ. ಅಗಲದ ತಲೆಕೆಳಗಾದ ಕಿಟಕಿ ಚೌಕಟ್ಟಿನೊಳಗೆ ಪೂರ್ತಿ ಕುಳಿತಿತು. 20 ಸೆಂ.ಮೀ. ಮಸೂರಕ್ಕೆ ಅದು 4 ಸೆಂ.ಮೀ. ದಾಟಿ ಚೌಕಟ್ಟಿನಿಂದ ಹೊರಗೆ ಹೋಯಿತು. ದೂರದ ವಸ್ತುವಿಗೆ ಸಂಗಮದೂರ ಎರಡು ಪಟ್ಟಾದರೆ ಪ್ರತಿಬಿಂಬವೂ ಸುಮಾರು ಎರಡು ಪಟ್ಟಾಗುತ್ತದೆ, ಚೌಕಟ್ಟಿನಲ್ಲಿ ಹಿಡಿಸುವುದು ಅರ್ಧಕ್ಕಿಳಿಯುತ್ತದೆ ಎಂಬುದನ್ನು ನಾನು ಹೇಳಬೇಕಾಗಲಿಲ್ಲ.

ಚಟುವಟಿಕೆ 2: ಅಂಗಳದ ಲೆಕ್ಕ

ಇಲ್ಲಿಂದ ಸರಳ ಸಂಬಂಧಕ್ಕೆ ಬಂದೆವು:

ಫೋಟೋದಲ್ಲಿ ಹಿಡಿಸುವ ಅಗಲ = ಸೆನ್ಸರಿನ ಅಗಲ × ದೂರ ÷ ಸಂಗಮದೂರ

ಮನೆ ಮುಂದಿನ ಹಂದರದಲ್ಲಿ ಮದಿಮಕ್ಕಳಿಂದ ಫೋಟೋಗ್ರಾಫರನಿಗೆ ಸಿಗುವ ದೂರ 4 ಮೀಟರ್ ಎಂದು ಮಕ್ಕಳು ಅಂದಾಜಿಸಿದರು. ಆಗ 35 ಮಿ.ಮೀ. ಲೆನ್ಸಿಗೆ ಸುಮಾರು 2.7 ಮೀಟರ್, 50ಕ್ಕೆ 1.9 ಮೀಟರ್, 85ಕ್ಕೆ 1.1 ಮೀಟರ್ ಅಗಲ ಸಿಗುತ್ತದೆ. ಅಕ್ಕಿಕಾಳು ಬೀಳುವಾಗ ಮದಿಮಕ್ಕಳ ಜೊತೆ ಅಕ್ಕಪಕ್ಕದ ಬಳಗವೂ ಬೇಕಾದರೆ 35. ಮದಿಮಕ್ಕಳಿಬ್ಬರೇ ಸಾಕೆಂದರೆ 50. ಹಿರಿಯರ ನಡುವೆ ನುಗ್ಗದೆ ಬಾಸಿಂಗ ಕಟ್ಟಿದ ಮುಖವನ್ನಷ್ಟೇ ಹಿಡಿಯಲು 85.

ಆರು ಮಂದಿಯ ಸಾಲಿಗೆ 3 ಮೀಟರ್ ಅಗಲ ಬೇಕೆಂದುಕೊಂಡು ಲೆಕ್ಕ ತಿರುಗಿಸಿದಾಗ 35ಕ್ಕೆ 4.4, 50ಕ್ಕೆ 6.3, 85ಕ್ಕೆ 10.6 ಮೀಟರ್ ಹಿಂದೆ ನಿಲ್ಲಬೇಕೆಂದು ಬಂತು. ‘ಹಿಂದ ಸರದ್ರ ಗ್ವಾಡಿ ಬರ್ತೈತ್ರಿ’ ಎಂದು ಹಿಂದಿನ ಬೆಂಚಿನಿಂದ ಒಬ್ಬಳು ಹೇಳಿದಳು. ಇಡೀ ಪಾಠದ ಸಾರ ಆ ಮಾತಿನಲ್ಲಿತ್ತು.

ಎರಡು ತಪ್ಪು ಕಲ್ಪನೆಗಳು

ಮೊದಲನೆಯದು, ‘35 ಮುಖ ಕೆಡಿಸುತ್ತದೆ, 85 ಚಂದ ಮಾಡುತ್ತದೆ.’ ಕ್ಯಾಮೆರಾ ನೆಟ್ಟಗೆ ಹಿಡಿದು ಮುಖ ಮತ್ತು ಎದೆಯ 60 ಸೆಂ.ಮೀ. ಎತ್ತರ ತುಂಬಿಸಲು 35ರಲ್ಲಿ ಸುಮಾರು 90 ಸೆಂ.ಮೀ., 85ರಲ್ಲಿ ಸುಮಾರು 2.2 ಮೀಟರ್ ದೂರ ನಿಲ್ಲಬೇಕು. ಮೂಗಿಗಿಂತ ಕಿವಿ 12 ಸೆಂ.ಮೀ. ಹಿಂದಿದೆ ಎಂದುಕೊಳ್ಳೋಣ. ಹತ್ತಿರ ನಿಂತಾಗ ಕಿವಿಗೆ ಹೋಲಿಸಿದರೆ ಮೂಗು ಶೇ. 13ರಷ್ಟು ಹಿಗ್ಗುತ್ತದೆ, ದೂರ ನಿಂತಾಗ ಶೇ. 5ರಷ್ಟು ಮಾತ್ರ. 35 ಹಿಡಿದೇ 2.2 ಮೀಟರಿಗೆ ಸರಿದರೆ ಮುಖ ಚಿಕ್ಕದಾಗಿ ಬರುತ್ತದೆ, ಆಕಾರ ಮಾತ್ರ 85ರದ್ದೇ. ಮುಖದ ಆಕಾರವನ್ನು ನಿರ್ಧರಿಸುವುದು ನಿಂತ ದೂರ, ಲೆನ್ಸ್ ಅಲ್ಲ.

ಎರಡನೆಯದು, ‘ದ್ವಾರ ಕಿರಿದಾದರೆ ಫೋಟೋ ಅರ್ಧ ಬರುತ್ತದೆ.’ ಮಸೂರದ ಅರ್ಧಕ್ಕೆ ಕಪ್ಪು ಕಾಗದ ಮುಚ್ಚುವ ಪಠ್ಯಪುಸ್ತಕದ ಪ್ರಶ್ನೆಯನ್ನು ಇಲ್ಲಿ ಪ್ರಯೋಗವಾಗಿಸಿದೆ. ಕಿಟಕಿ ಪೂರ್ತಿಯೇ ಕಂಡಿತು, ಮಸುಕಾಯಿತು ಅಷ್ಟೇ. ಎಫ್/1.8 ಪ್ರೈಮ್ ಲೆನ್ಸ್ ಎಫ್/3.5ಕ್ಕಿಂತ ಸುಮಾರು ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಬೆಳಕು ಕಡಿಮೆಯಿರುವ ಪಡಸಾಲೆಯಲ್ಲಿ ಅರಿಷಿಣದ ಶಾಸ್ತ್ರ ತೆಗೆಯುವವರು ಪ್ರೈಮ್ ಲೆನ್ಸ್ ಬಯಸುವುದು ಇದಕ್ಕೇ.

ಮೌಲ್ಯಮಾಪನ

ಮನೆಗೆಲಸವಾಗಿ ಪ್ರತಿಯೊಬ್ಬರೂ ತಮ್ಮ ಅಂಗಳ ಅಥವಾ ಪಡಸಾಲೆ ಅಳೆದು, ಅಲ್ಲಿಗೆ ಒಂದು ಲೆನ್ಸ್ ಆರಿಸಿ, ಕಾರಣ ಬರೆಯಬೇಕಿತ್ತು. ಒಂದೇ ಉತ್ತರ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಅಂಕ ಕೊಟ್ಟಿದ್ದು ಆಯ್ಕೆಗಲ್ಲ, ಅಳತೆಗೂ ಕಾರಣಕ್ಕೂ. ಪ್ರಶ್ನೆ ಕೇಳಿದ್ದ ವಿದ್ಯಾರ್ಥಿ ಅಣ್ಣನನ್ನು ಕೇಳಿಕೊಂಡು ಬಂದು ಹೀಗೆ ಬರೆದಿದ್ದ: ಕೆಲಸ ಹೆಚ್ಚಾಗಿ ಮನೆ ಮುಂದಿನ ಹಂದರದಲ್ಲಿ, ಹಿಂದೆ ಗೋಡೆ, ಹೀಗಾಗಿ 35, ಕಲ್ಯಾಣ ಮಂಟಪದ ಕೆಲಸ ಹೆಚ್ಚಿದ್ದರೆ 50.

ಮುಂದುವರಿದ ಪ್ರಶ್ನೆ: ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ ಅಗಲ 36 ಮಿ.ಮೀ. ಅದರಲ್ಲಿ ಇದೇ ನೋಟ ಸಿಗಲು ಯಾವ ಲೆನ್ಸ್ ಬೇಕು? 35 × 36 ÷ 24 = 52.5, ಅಂದರೆ 50 ಮಿ.ಮೀ. ‘50ಏ ಛಲೋ’ ಎಂದು ಬೇರೆಯವರು ಹೇಳಿದ್ದನ್ನು ಅವರ ಕ್ಯಾಮೆರಾ ನೋಡದೆ ಒಪ್ಪಬಾರದೇಕೆಂದು ಮಕ್ಕಳಿಗೆ ಇದರಿಂದ ತಿಳಿಯಿತು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠಕ್ಕೆ ಕ್ಯಾಮೆರಾ ಬೇಕಿಲ್ಲ. ಎರಡು ಮಸೂರ, ಒಂದು ಕಿಟಕಿ ಸಾಕು. 40 ನಿಮಿಷದಲ್ಲಿ ಎರಡೂ ಚಟುವಟಿಕೆ ಮುಗಿಯುತ್ತವೆ. ತಪ್ಪು ಕಲ್ಪನೆಗಳ ಭಾಗಕ್ಕೆ ಇನ್ನೊಂದು ಅವಧಿ ಇಟ್ಟುಕೊಳ್ಳಿ. ಸೂತ್ರವನ್ನು ಮೊದಲೇ ಕಪ್ಪುಹಲಗೆಯ ಮೇಲೆ ಬರೆಯಬೇಡಿ. ಚೌಕಟ್ಟಿನಿಂದ ಕಿಟಕಿ ಹೊರಗೆ ಹೋದದ್ದನ್ನು ಮಕ್ಕಳು ಕಂಡ ಮೇಲೆ ಬರೆದರೆ, ಸಂಗಮದೂರ ಅವರಿಗೆ ಅಳೆದು ಆರಿಸಬಹುದಾದ ಸಂಗತಿಯಾಗುತ್ತದೆ.