ಕೆಂಡದ ಕಾವು

ಮುಸುಕಿನ ಜೋಳ ಸುಡುತ್ತೀರಿ. ಮೇಲೆ ಸೀದು ಕಪ್ಪಾಯಿತು. ಒಳಗೆ ಹಸಿ ಉಳಿಯಿತು. ಯಾಕೆ ಹೀಗೆ? ಕೆಂಡದ ಕಾವು ಜಾಸ್ತಿ ಆಯ್ತು, ಅದಕ್ಕೆ.

ಇದ್ದಿಲು ಉರಿಯಲು ಗಾಳಿ ಬೇಕು. ಗಾಳಿ ಹೆಚ್ಚಿದರೆ ಕಾವು ಹೆಚ್ಚು. ಗಾಳಿ ಕಡಿಮೆಯಾದರೆ ಕಾವು ಕಡಿಮೆ. ಬೀಸಣಿಗೆ ಬೀಸಿದರೆ ಕೆಂಡ ಕೆಂಪಾಗುತ್ತದೆ. ನಿಲ್ಲಿಸಿದರೆ ಬೂದಿ ಕೂರುತ್ತದೆ.

ಕಾವು ಎಷ್ಟಿದೆ? ಕೈಯೇ ಹೇಳುತ್ತದೆ. ಮೊದಲು ಸೆರಗು ಸಿಕ್ಕಿಸಿಕೊಳ್ಳಿ. ಕೆಂಡದಿಂದ 5 ಅಂಗುಲ ಮೇಲೆ ಅಂಗೈ ಹಿಡಿಯಿರಿ. ನಿಧಾನವಾಗಿ ಎಣಿಸಿ. ಬಿಸಿ ತಡೆಯದಿದ್ದರೆ ಕೈ ತೆಗೆಯಿರಿ.

2ಕ್ಕೇ ತೆಗೆದಿರಾ? ಕಾವು ಜಾಸ್ತಿ.
5ರ ತನಕ ತಡೆಯಿತಾ? ಹದವಾಗಿದೆ.
10 ಆದರೂ ತಡೆಯಿತಾ? ಕಾವು ಸಾಲದು.

ಕಾವು ಜಾಸ್ತಿಯಾದರೆ ಕೆಂಡ ಹರಡಿ. ಸಾಲದಿದ್ದರೆ ಕೆಂಡ ಒಟ್ಟು ಮಾಡಿ, ಬೀಸಿ. ತೆನೆಯನ್ನು ತಿರುಗಿಸುತ್ತಾ ಇರಿ.

ಈಗ ಮುಖ್ಯ ಮಾತು. ಮಳೆ, ಚಳಿ ಅಂತ ಕೆಂಡದ ಒಲೆಯನ್ನು ಮುಚ್ಚಿದ ಕೋಣೆಯಲ್ಲಿ ಇಡಬೇಡಿ. "ಹೊಗೆಯೇ ಇಲ್ವಲ್ಲಾ, ಏನಾಗುತ್ತೆ?" ಅನ್ನಬೇಡಿ. ಕೆಂಡದಿಂದ ವಿಷಗಾಳಿ ಬರುತ್ತದೆ. ಅದರ ಹೆಸರು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೂದಿ ಮುಚ್ಚಿದ ಕೆಂಡದಿಂದಲೂ ಬರುತ್ತದೆ. ಮಲಗಿದವರು ಮಲಗಿದಲ್ಲೇ ಸಾಯಬಹುದು.

ತಲೆನೋವು, ತಲೆಸುತ್ತು, ವಾಂತಿ ಇದರ ಗುರುತು. ಹೀಗಾದರೆ ಎಲ್ಲರೂ ಕೂಡಲೇ ಹೊರಗೆ ಬನ್ನಿ. ಆಸ್ಪತ್ರೆಗೆ ಹೋಗಿ.

ಅಕ್ಕಾ, ಅಡುಗೆಗೆ ಹದವಾದ ಕೆಂಡ ಬೇಕು. ಮನೆಮಂದಿಗೆ ಒಳ್ಳೆ ಗಾಳಿ ಬೇಕು.

ಹೇಳಿ ನೋಡೋಣ
1. ಬೀಸಿದರೆ ಕೆಂಡ ಯಾಕೆ ಕೆಂಪಾಗುತ್ತದೆ?
2. ಕೆಂಡದ ಒಲೆಯನ್ನು ಎಲ್ಲಿ ಇಡಬಾರದು? ಯಾಕೆ?