ನಮ್ಮ ದಾರಿ, ಆನೆ ದಾರಿ: ಜಿಪಿಎಸ್ ಯಂತ್ರದಲ್ಲಿ ಪದರ ಹಾಕುವ ಪಾಠ



ಬಿಕ್ಕೋಡು ಸುತ್ತಿನಲ್ಲಿ ಬೆಳಗ್ಗೆ ತೋಟದ ಕೆಲಸಕ್ಕೆ ಹೊರಡುವಾಗ ಮೊದಲ ಮಾತೇ "ಆನೆ ಎಲ್ಲಿದೆಯಂತೆ?" ಎಂಬುದು. ನಮ್ಮ ಬೇಲೂರು ತಾಲ್ಲೂಕಿನಲ್ಲಿ ಕೂಲಿಗೆ ಹೋದ ಹೆಣ್ಣುಮಕ್ಕಳು ಆನೆಗೆ ಸಿಕ್ಕಿ ಜೀವ ಕಳೆದುಕೊಂಡಿದ್ದಾರೆ. ಜಿಲ್ಲೆಯ ಕೆಲವು ಆನೆಗಳಿಗೆ ಅರಣ್ಯ ಇಲಾಖೆ ರೇಡಿಯೋ ಕಾಲರ್ ಹಾಕಿದೆ. ಅವು ತಿರುಗಾಡುವ ಜಾಗ ಅವರಿಗೆ ತಿಳಿಯುತ್ತದೆ. ನಾವು ಎಷ್ಟು ಹೊತ್ತಿಗೆ, ಯಾವ ಕಾಲುದಾರಿಯಲ್ಲಿ ನಡೆಯುತ್ತೇವೆ ಎಂಬುದನ್ನು ಮಾತ್ರ ನಾವೇ ಬರೆಯಬೇಕು.

ಹೊಲಿಗೆ ತರಬೇತಿಯಲ್ಲಿ ಬಟರ್ ಪೇಪರ್ ಇಟ್ಟು ಡಿಸೈನ್ ತೆಗೆದದ್ದು ನೆನಪಿದೆಯಲ್ಲ? ಯಂತ್ರದಲ್ಲಿ 'ಲೇಯರ್' ಎನ್ನುವುದೂ ಅಂಥದ್ದೇ. ಒಂದರ ಮೇಲೊಂದು ಇಟ್ಟರೂ ಕೆಳಗಿನದು ಕಾಣುತ್ತದೆ. ನಾವು ಪದರ ಅನ್ನೋಣ.

ಎಲ್ಲಕ್ಕಿಂತ ಕೆಳಗೆ ಊರಿನ ನಕ್ಷೆ ಅಥವಾ ಉಪಗ್ರಹ ಚಿತ್ರ. ಅದನ್ನು ಬೀಗ ಹಾಕಿಡಿ, ಬೆರಳು ತಗುಲಿ ಕೆಡಬಾರದು. ಅದರ ಮೇಲೆ ಆವರಣದ ಪದರ: ಕೆರೆ, ಗದ್ದೆ, ದಟ್ಟ ತೋಟ. ಆಮೇಲೆ ಗೆರೆಯ ಪದರ: ಕಾಲುದಾರಿ, ಹಳ್ಳ. ತುದಿಯಲ್ಲಿ ಚುಕ್ಕಿಯ ಪದರ: ಬಸ್ ನಿಲ್ಲುವ ಜಾಗ, ನಲ್ಲಿ, ಕೂಲಿ ಲೈನ್, ಅಂಗನವಾಡಿ. ಆವರಣ ಮೇಲೆ ಬಂದರೆ ಚುಕ್ಕಿ ಅದರಡಿ ಮುಚ್ಚಿಹೋಗುತ್ತದೆ.

ಆನೆಗೆ ಬೇರೆಯೇ ಪದರ ಮಾಡಿ. ತಾರೀಕು, ಹೊತ್ತು, ಎಷ್ಟು ಆನೆ, ಕಣ್ಣಾರೆ ಕಂಡದ್ದೋ ಲದ್ದಿಯೋ ಮುರಿದ ಬೇಲಿಯೋ, ಇವಿಷ್ಟಕ್ಕೆ ಖಾನೆ ಸಾಕು. ಉತ್ತರಗಳನ್ನು ಮೊದಲೇ ಪಟ್ಟಿ ಮಾಡಿಟ್ಟು ಆರಿಸುವಂತೆ ಮಾಡಬೇಕು. ಒಬ್ಬರು 'ಲದ್ದಿ', ಇನ್ನೊಬ್ಬರು 'ಲದ್ದಿ ಇತ್ತು' ಎಂದು ಬರೆದರೆ ಯಂತ್ರ ಅದನ್ನು ಎರಡು ಬಗೆ ಎಂದು ಎಣಿಸುತ್ತದೆ. ಆನೆ ಅಲ್ಲಿಂದ ಹೋದ ಮೇಲೆಯೇ ಗುರುತು ಹಾಕಿ. ಚುಕ್ಕಿಗೋಸ್ಕರ ಯಾರೂ ಹತ್ತಿರ ಹೋಗಕೂಡದು.

ಎಲ್ಲ ಪದರಗಳೂ ಒಂದೇ ಲೆಕ್ಕದಲ್ಲಿರಬೇಕು. ಜಿಪಿಎಸ್‌ನ ಲೆಕ್ಕಕ್ಕೆ 'ಡಬ್ಲ್ಯುಜಿಎಸ್ 84' ಎಂದು ಹೆಸರು. ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಗಳು 'ಎವರೆಸ್ಟ್' ಲೆಕ್ಕದವು. ಪರಿವರ್ತಿಸದೆ ಹಾಗೇ ಇಟ್ಟರೆ ನಮ್ಮ ಕಡೆ ನೂರು ಮೀಟರಿಗೂ ಹೆಚ್ಚು ಸರಿದು, ಕೆರೆಯ ನಡುವೆ ಬಸ್ ನಿಂತಂತೆ ಕಾಣುತ್ತದೆ!

ಈ ತಯಾರಿಯನ್ನೆಲ್ಲ ನೆಟ್‌ವರ್ಕ್ ಇರುವ ಕಡೆ ಕೂತು ಮುಗಿಸಿ. ತೋಟದೊಳಗೆ ಮೊಬೈಲ್ ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ನಡೆಯುತ್ತದೆ, ಅದಕ್ಕೆ ಸಂಕೇತ ಬರುವುದು ಸುಮಾರು 20,200 ಕಿ.ಮೀ. ಮೇಲಿನ ಉಪಗ್ರಹಗಳಿಂದ. ಯಂತ್ರ ಇಲ್ಲದ ಸಂಘದವರು ಮೊಬೈಲ್‌ನಲ್ಲಿ 'ಕ್ಯೂಫೀಲ್ಡ್' ಎಂಬ ಉಚಿತ ಆ್ಯಪ್ ಬಳಸಬಹುದು, ಕ್ರಮ ಇದೇ.

ಬಯಲಲ್ಲಿ ಮೂರರಿಂದ ಐದು ಮೀಟರ್ ತಪ್ಪು ಸಹಜ. ಸಿಲ್ವರ್ ಓಕ್ ಅಡಿಯಲ್ಲಿ ಇನ್ನೂ ಹೆಚ್ಚು, ಸ್ವಲ್ಪ ನಿಂತು ಅಂಕಿ ಇಳಿಯಲು ಬಿಡಿ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ ಹತ್ತು ಮೀಟರ್ ಬದಿ. ಐದು ಮೀಟರ್ ತಪ್ಪೆಂದರೆ ಅದರ ಅರ್ಧ! ಆದ್ದರಿಂದ ಬೇಲಿ ಜಗಳಕ್ಕೆ ಈ ಯಂತ್ರ ತರಬೇಡಿ, ಅದು ಸರ್ವೆಯರ್ ಕೆಲಸ. ಆನೆ ದಾಟುವ ಜಾಗ ತೋರಿಸಲು ಇಷ್ಟು ಧಾರಾಳ ಸಾಕು.

ಕಾಲುದಾರಿ ಮತ್ತು ಆನೆ ಪದರ ಎರಡನ್ನೂ ಒಟ್ಟಿಗೆ ತೆರೆದಾಗ ಅವು ಎಲ್ಲಿ ಕೂಡುತ್ತವೋ ಅಲ್ಲೇ ದೀಪ ಬೇಕು, ಇಲ್ಲವೇ ದಾರಿ ಬದಲಾಗಬೇಕು. ಆ ನಕ್ಷೆಯನ್ನು ಗ್ರಾಮಸಭೆಗೂ ಅರಣ್ಯ ಸಿಬ್ಬಂದಿಗೂ ಕೊಡಿ. ವಾಟ್ಸಾಪ್‌ಗೆ ಹಾಕಬೇಡಿ, ಒಂಟಿ ಹೆಂಗಸರು ನಡೆಯುವ ಹೊತ್ತು ಅದರಲ್ಲಿದೆ.

ಮುಂದಿನ ವಾರದ ಸಭೆಗೆ:
ಬೆಳಕು ಹರಿಯುವ ಮೊದಲು ನಾವು ನಡೆಯುವ ದಾರಿಗಳು ಯಾವುವು?
ಗುರುತು ಹಾಕಲು ಯಾವ ಇಬ್ಬರು ಜೊತೆಯಾಗಿ ಹೋಗುತ್ತಾರೆ?